ಸೆರೆ ಬಂದ ಹುಡುಗಿಯರ ಅಕ್ಷರದ ಮನೆ

ಸಂತರು ತೀರಿಕೊಂಡ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದು ಸಮಾಧಿ, ಒಂದಿಷ್ಟು ಅಸ್ಥಿ, ಒಂದಿಷ್ಟು ಪವಾಡದ ಕತೆ. ಪಶ್ಚಿಮ ಫ್ರಾನ್ಸಿನ ಪ್ವಾತಿಯೆ ನಗರದ ಸಂತ ರಾಡೆಗುಂಡಾಳ ವಿಷಯದಲ್ಲಿ ಇವುಗಳ ಜೊತೆಗೆ ಇನ್ನೊಂದು ವಸ್ತುವೂ ಉಳಿದಿದೆ. ಅದು ಮರದ ಒಂದು ಪುಟ್ಟ ಓದುಪೀಠ. ಪುರಾಣ ಓದುವಾಗ ಪುಸ್ತಕ ಇಟ್ಟುಕೊಳ್ಳುವ ವ್ಯಾಸಪೀಠದ ಜಾತಿಗೆ ಸೇರಿದ್ದು. ಇಳಿಜಾರಾದ ಹಲಗೆ, ಅದರ ನಡುವೆ ಕೆತ್ತಿದ ಒಂದು ಕುರಿಮರಿ, ನಾಲ್ಕು ಮೂಲೆಗಳಲ್ಲಿ ಸುವಾರ್ತೆ ಬರೆದ ನಾಲ್ವರ ಸಂಕೇತಗಳು. ಆರನೆಯ ಶತಮಾನದ ಈ ಹಲಗೆಯ ಮೇಲೆ ಪುಸ್ತಕವಿಟ್ಟು ರಾಡೆಗುಂಡಾ ಓದುತ್ತಿದ್ದಳೆಂದು ಆಕೆ ಸ್ಥಾಪಿಸಿದ ಮಠದವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ, ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಪ್ಯಾರಿಸ್ಸಿನ ಪೂರ್ವಕ್ಕಿರುವ ಷೆಲ್ ಎಂಬ ಊರಿನಲ್ಲಿ ಇನ್ನೊಬ್ಬ ಸಂತ ಸ್ತ್ರೀಯ ನೆನಪಾಗಿ ಉಳಿದಿರುವುದು ಅಗಸೆನಾರಿನ ಒಂದು ಬಟ್ಟೆ. ಅದರ ಕೊರಳಿನ ಸುತ್ತ ರಾಣಿಯರು ತೊಡುವ ಹಾರ, ಪದಕ, ಶಿಲುಬೆ ಎಲ್ಲವೂ ಇವೆ. ಆದರೆ ಎಲ್ಲವೂ ಬಣ್ಣದ ರೇಷ್ಮೆ ದಾರದ ಕಸೂತಿ. ಚಿನ್ನದ ಎಳೆಯೊಂದೂ ಇಲ್ಲ. ಈ ಬಟ್ಟೆ ಬಾಲ್ತಿಲ್ಡಾ ಎಂಬ ರಾಣಿಯದೆಂದು ಗುರುತಿಸಲಾಗಿದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಒಬ್ಬಾಕೆ ಕಣ್ಣು ಮುಚ್ಚಿ ಹಲವು ದಶಕಗಳಾದ ಮೇಲೆ ಇನ್ನೊಬ್ಬಾಕೆ ಹುಟ್ಟಿದಳು. ಆದರೂ ಇಬ್ಬರ ಬದುಕಿಗೂ ಒಂದು ಸಾಮ್ಯವಿದೆ. ಇಬ್ಬರೂ ಫ್ರಾಂಕ್ ರಾಜ್ಯದ ರಾಣಿಯರಾದರು, ಇಬ್ಬರೂ ಸಂತರೆನಿಸಿದರು. ಅದಕ್ಕೆ ಮೊದಲು ಒಬ್ಬಾಕೆ ಯುದ್ಧದ ಲೂಟಿಯಲ್ಲಿ ಪಾಲಿಗೆ ಬಂದ ಹುಡುಗಿ, ಇನ್ನೊಬ್ಬಾಕೆ ಹಣಕ್ಕೆ ಮಾರಾಟವಾದ ದಾಸಿ. ಬಾಲ್ಯವನ್ನೇ ಕಳೆದುಕೊಂಡ ಈ ಇಬ್ಬರು ಕೈಗೆ ಅಧಿಕಾರ ಬಂದಾಗ ಏನು ಮಾಡಿದರು ಎಂಬುದು ಓದುವ ಮಕ್ಕಳಿಗೂ ಅವರನ್ನು ಓದಿಸುವ ತಂದೆತಾಯಿಗಳಿಗೂ ತಿಳಿಯಬೇಕಾದ ಸಂಗತಿ.

ಕತ್ತಿಯ ರಾಜ್ಯ, ಸಂತರ ನಾಡು

ಕ್ರಿ.ಶ. 476ರಲ್ಲಿ ಪಶ್ಚಿಮದ ರೋಮನ್ ಸಾಮ್ರಾಜ್ಯದ ಕೊನೆಯ ಚಕ್ರವರ್ತಿ ಪದಚ್ಯುತನಾದ. ಇಂದಿನ ಫ್ರಾನ್ಸ್, ಬೆಲ್ಜಿಯಂ ಮತ್ತು ಪಶ್ಚಿಮ ಜರ್ಮನಿಯ ಪ್ರದೇಶಗಳಲ್ಲಿ ಫ್ರಾಂಕರೆಂಬ ಜರ್ಮನ್ ಮೂಲದ ಜನ ಪ್ರಬಲರಾದರು. ಅವರ ರಾಜ ಕ್ಲೋವಿಸ್ ಕ್ರೈಸ್ತ ದೀಕ್ಷೆ ಪಡೆದ. 511ರಲ್ಲಿ ಅವನು ಸತ್ತಾಗ ರಾಜ್ಯ ನಾಲ್ವರು ಗಂಡುಮಕ್ಕಳಿಗೆ ಹೊಲ ಹಂಚಿದ ಹಾಗೆ ಹಂಚಿಹೋಯಿತು. ಆಮೇಲೆ ಅಣ್ಣತಮ್ಮಂದಿರ ನಡುವೆ, ಅವರ ಮಕ್ಕಳ ನಡುವೆ ಮುಗಿಯದ ಕಾದಾಟ. ತೂರ್ ನಗರದ ಬಿಷಪ್ ಗ್ರೆಗರಿ 594ರ ಸುಮಾರಿಗೆ ತೀರಿಕೊಳ್ಳುವ ಮುನ್ನ ಹತ್ತು ಸಂಪುಟಗಳಲ್ಲಿ ಈ ಕಾಲದ ಚರಿತ್ರೆ ಬರೆದಿಟ್ಟ. ಅದನ್ನು ತೆರೆದರೆ ಕೊಲೆ, ವಿಷಪ್ರಾಶನ, ಸುಟ್ಟ ಊರುಗಳ ನಡುವೆಯೇ ಸಂತರ ಸಮಾಧಿ, ಪವಾಡ, ಉಪವಾಸಗಳ ಮಾತು ಬರುತ್ತದೆ.

ಆ ಕಾಲದಲ್ಲಿ ಒಬ್ಬರನ್ನು ಸಂತರೆಂದು ಘೋಷಿಸಲು ರೋಮಿನ ಪೋಪರ ಅಪ್ಪಣೆ ಬೇಕಿರಲಿಲ್ಲ. ಪೋಪರೊಬ್ಬರು ವಿಧ್ಯುಕ್ತವಾಗಿ ಸಂತಪದವಿ ಘೋಷಿಸಿದ ಮೊದಲ ಉದಾಹರಣೆ 993ರದ್ದು. ಅದಕ್ಕೆ ಮೊದಲು ಊರಿನ ಜನ ಸಮಾಧಿಯ ಬಳಿ ದೀಪ ಹಚ್ಚುತ್ತಿದ್ದರು, ಸ್ಥಳೀಯ ಬಿಷಪ್ ಒಪ್ಪುತ್ತಿದ್ದರು, ಅಕ್ಷರ ಬಲ್ಲ ಯಾರಾದರೊಬ್ಬರು ಜೀವನಚರಿತ್ರೆ ಬರೆಯುತ್ತಿದ್ದರು. ಸಂತರಾಗಲು ಬದುಕಿದರೆ ಸಾಲದು, ಆ ಬದುಕನ್ನು ಬರೆಯುವವರೂ ಬೇಕಿತ್ತು. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ಲೂಟಿಯ ಪಾಲು

ರಾಡೆಗುಂಡಾ ಹುಟ್ಟಿದ್ದು 520ರ ಸುಮಾರಿಗೆ, ಇಂದಿನ ಮಧ್ಯ ಜರ್ಮನಿಯಲ್ಲಿದ್ದ ಥುರಿಂಗಿಯಾ ಎಂಬ ರಾಜ್ಯದ ಅರಮನೆಯಲ್ಲಿ. ತಂದೆ ಬೆರ್ತಾಖರ್‌ನನ್ನು ಅವನ ಸ್ವಂತ ಸೋದರನೇ ಕೊಂದ. ಹೀಗೆ ತಂದೆಯನ್ನು ಕೊಂದವನ ಮನೆಯಲ್ಲೇ ಮಗು ಬೆಳೆಯಬೇಕಾಯಿತು. 531ರಲ್ಲಿ ಫ್ರಾಂಕ್ ರಾಜರು ಥುರಿಂಗಿಯಾದ ಮೇಲೆ ದಂಡೆತ್ತಿ ಬಂದರು. ರಾಜ್ಯ ನೆಲಸಮವಾಯಿತು. ರಾಡೆಗುಂಡಾ ಮತ್ತು ಆಕೆಯ ಸಹೋದರ ಕ್ಲೋವಿಸನ ಮಗ ಕ್ಲೋಥಾರನ ಪಾಲಿಗೆ ಬಂದರು. ಹುಡುಗಿಗೆ ಆಗ ಹತ್ತೋ ಹನ್ನೊಂದೋ ವರ್ಷ.

ಕ್ಲೋಥಾರ್ ಆಕೆಯನ್ನು ಉತ್ತರ ಫ್ರಾನ್ಸಿನ ಆತಿ ಎಂಬ ಊರಿನ ತನ್ನ ಬಂಗಲೆಗೆ ಕಳುಹಿಸಿದ. ಮುಂದೆ ತಾನು ಮದುವೆಯಾಗಲಿರುವ ಹುಡುಗಿಗೆ ರಾಣಿಗೆ ತಕ್ಕ ಶಿಕ್ಷಣವಾಗಲಿ ಎಂಬುದು ಅವನ ಲೆಕ್ಕ. ಆತಿಯಲ್ಲಿ ಆಕೆ ಲ್ಯಾಟಿನ್ ಅಕ್ಷರ ಕಲಿತಳು. ಊಟದ ಮೇಜಿನಲ್ಲಿ ಉಳಿದದ್ದನ್ನು ತೆಗೆದಿಟ್ಟು ಬಡ ಮಕ್ಕಳನ್ನು ಕರೆದು, ಅವರ ತಲೆ ತೊಳೆದು, ಸಾಲಾಗಿ ಕೂರಿಸಿ ಬಡಿಸುತ್ತಿದ್ದಳಂತೆ. ಆಮೇಲೆ ಮರದ ಶಿಲುಬೆಯೊಂದನ್ನು ಮುಂದೆ ಹಿಡಿಸಿ ಮಕ್ಕಳದೇ ಮೆರವಣಿಗೆ. ಮನೆಮಾರು ಕಳೆದುಕೊಂಡ ಮಗುವೊಂದು ಬೇರೆ ಮಕ್ಕಳನ್ನು ಸೇರಿಸಿಕೊಂಡು ಮನೆಯಾಟ ಆಡುವಂಥ ಈ ಚಿತ್ರದಲ್ಲಿ ಪವಾಡವೇನೂ ಇಲ್ಲ. ಬಹುಶಃ ಅದಕ್ಕಾಗಿಯೇ ನಂಬಿಕೆ ಬರುತ್ತದೆ.

540ರ ಸುಮಾರಿಗೆ ಮದುವೆಯಾಯಿತು. ಕ್ಲೋಥಾರನಿಗೆ ಬೇರೆ ಬೇರೆ ಕಾಲಕ್ಕೆ ಹಲವು ಹೆಂಡಂದಿರು. ರಾಣಿಯ ಮನಸ್ಸು ಅರಮನೆಯಲ್ಲಿ ನಿಲ್ಲಲಿಲ್ಲ. ಅರಮನೆಯಲ್ಲಿರುವುದು ರಾಣಿಯಲ್ಲ, ಸನ್ಯಾಸಿನಿ ಎಂದು ಆಸ್ಥಾನದವರು ಆಡಿಕೊಳ್ಳುತ್ತಿದ್ದರು. ಹೀಗೆಯೇ ಹತ್ತು ವರ್ಷಗಳು ನಡೆದವು. 550ರ ಆಸುಪಾಸಿನಲ್ಲಿ ಕ್ಲೋಥಾರ್ ಆಕೆಯ ಸಹೋದರನನ್ನು ಕೊಲ್ಲಿಸಿದ. ಆಕೆಯ ಜೊತೆಗೇ ಸೆರೆ ಬಂದಿದ್ದ ತವರಿನ ಜೀವ ಅದು. ಅಲ್ಲಿಗೆ ದಾಂಪತ್ಯದ ಎಳೆ ಕಡಿಯಿತು.

ಬಲಿಪೀಠದ ಮುಂದೆ

ರಾಡೆಗುಂಡಾ ನೇರವಾಗಿ ನ್ವಾಯೋಂ ಪಟ್ಟಣದ ಬಿಷಪ್ ಮೆದಾರ್ ಅವರಲ್ಲಿಗೆ ಹೋಗಿ ತನಗೆ ದೀಕ್ಷೆ ಕೊಡಬೇಕೆಂದು ಕೇಳಿದಳು. ಚರ್ಚಿನಲ್ಲಿದ್ದ ಫ್ರಾಂಕ್ ಸರದಾರರು ಹೌಹಾರಿದರು. ರಾಜನ ಹೆಂಡತಿಗೆ ದೀಕ್ಷೆ ಕೊಡುವುದುಂಟೇ? ಅವರು ಬಿಷಪ್ಪರನ್ನು ಹಿಡಿದು ಬಲಿಪೀಠದಿಂದ ಎಳೆಯತೊಡಗಿದರು. ಮೆದಾರ್ ಹಿಂಜರಿದರು. ಆಗ ರಾಡೆಗುಂಡಾ ಒಳಗಿನ ಕೋಣೆಗೆ ಹೋಗಿ ಸನ್ಯಾಸಿನಿಯ ಉಡುಪನ್ನು ತಾನೇ ತೊಟ್ಟುಕೊಂಡು ಹೊರಗೆ ಬಂದು ನಿಂತಳು. ನೀವು ದೇವರಿಗಿಂತ ಮನುಷ್ಯರಿಗೆ ಹೆಚ್ಚು ಅಂಜುತ್ತೀರಾ ಎಂಬರ್ಥದ ಮಾತಿನಿಂದ ಬಿಷಪ್ಪರನ್ನು ಎಚ್ಚರಿಸಿದಳು. ಮೆದಾರ್ ಆಕೆಯ ತಲೆಯ ಮೇಲೆ ಕೈಯಿಟ್ಟು ಧರ್ಮಸೇವಕಿಯ ದೀಕ್ಷೆ ಕೊಟ್ಟರು.

ಮೈಮೇಲಿನ ಒಡವೆಗಳೆಲ್ಲ ಚರ್ಚಿಗೂ ಬಡವರಿಗೂ ಸಂದವು. ಸೇ ಎಂಬ ಊರಿನಲ್ಲಿ ಆಕೆ ರೋಗಿಗಳ ಸೇವೆಗೆ ನಿಂತಳು. ಹುಣ್ಣು ತೊಳೆದಳು, ತಲೆ ಬಾಚಿ ಹೇನು ತೆಗೆದಳು, ಕುಷ್ಠರೋಗಿಗಳಿಗೆ ಕೈಯಾರೆ ಊಟ ಬಡಿಸಿದಳು. ಆಮೇಲೆ ಪ್ವಾತಿಯೆ ನಗರದಲ್ಲಿ ಹೆಂಗಸರಿಗಾಗಿ ಒಂದು ಮಠ ಕಟ್ಟಿಸಿದಳು. ಹೆಂಡತಿಯನ್ನು ಮರಳಿ ಪಡೆಯಬೇಕೆಂದು ಕ್ಲೋಥಾರ್ ಹೊರಟಾಗ ಪ್ಯಾರಿಸ್ಸಿನ ಬಿಷಪ್ ಜೆರ್ಮಾನಸ್ ಅಡ್ಡ ಬಂದು ಅವನ ಮನಸ್ಸು ತಿರುಗಿಸಿದರು. 561ರಲ್ಲಿ ಕ್ಲೋಥಾರ್ ತೀರಿಕೊಂಡ.

ಮಠ ಕಟ್ಟಿಸಿದವಳು ಮಠದ ಯಜಮಾನಿಯಾಗಲಿಲ್ಲ. ತಾನು ಸಾಕಿ ಬೆಳೆಸಿದ ಆಗ್ನೆಸ್ ಎಂಬಾಕೆಯನ್ನು ಮಠಾಧ್ಯಕ್ಷೆಯನ್ನಾಗಿ ಮಾಡಿ, ತಾನು ಆಕೆಯ ಮಾತಿಗೆ ಕಟ್ಟುಬಿದ್ದ ಸಾಮಾನ್ಯ ಸನ್ಯಾಸಿನಿಯಾಗಿ ಉಳಿದಳು. ತನ್ನ ಸರದಿ ಬಂದಾಗ ಕಟ್ಟಿಗೆ ಹೊತ್ತಳು, ನೀರು ಸೇದಿದಳು, ಒಲೆ ಊದಿದಳು, ಪಾತ್ರೆ ತೊಳೆದಳು. ಉಳಿದವರು ಮಲಗಿದ ಮೇಲೆ ಅವರ ಪಾದರಕ್ಷೆಗಳನ್ನು ಒರೆಸಿ ಎಣ್ಣೆ ಹಚ್ಚಿ ಇಡುತ್ತಿದ್ದಳು.

ಓದು ಕಡ್ಡಾಯ

ಈ ಮಠಕ್ಕೆ ರಾಡೆಗುಂಡಾ ಆರಿಸಿಕೊಂಡ ನಿಯಮಾವಳಿ ದಕ್ಷಿಣದ ಆರ್ಲ್ ನಗರದ ಬಿಷಪ್ ಸೀಸೇರಿಯಸ್ ತನ್ನ ತಂಗಿಯ ಮಠಕ್ಕಾಗಿ ಬರೆದದ್ದು. ಸೀಸೇರಿಯಸ್ 542ರಲ್ಲಿ ತೀರಿಕೊಂಡಿದ್ದ. ಅವನ ನಿಯಮಾವಳಿಯಲ್ಲಿ ಆ ಕಾಲಕ್ಕೆ ಅಪರೂಪವಾದ ಒಂದು ವಿಧಿಯಿದೆ. ಮಠ ಸೇರುವ ಪ್ರತಿಯೊಬ್ಬ ಹೆಣ್ಣೂ ಓದಲು ಕಲಿಯಲೇಬೇಕು. ಪ್ರತಿದಿನ ಬೆಳಿಗ್ಗೆ ಸುಮಾರು ಎರಡು ಗಂಟೆ ಓದಿಗೇ ಮೀಸಲು. ಆಮೇಲೆ ಉಣ್ಣೆ ನೂಲುವಾಗ, ನೇಯುವಾಗ ಒಬ್ಬಳು ಗಟ್ಟಿಯಾಗಿ ಓದಬೇಕು, ಉಳಿದವರು ಕೈಕೆಲಸ ಮಾಡುತ್ತ ಕೇಳಬೇಕು. ಚಿಕ್ಕ ಹುಡುಗಿಯರನ್ನು ಸೇರಿಸಿಕೊಳ್ಳುವುದಾದರೆ ಅಕ್ಷರ ಕಲಿಯಬಲ್ಲ ವಯಸ್ಸು, ಅಂದರೆ ಆರೇಳು ವರ್ಷ ಆಗಿರಬೇಕು. ಆರ್ಲ್ ಮಠದ ಅಧ್ಯಕ್ಷೆ ರಾಡೆಗುಂಡಾಳಿಗೆ ಬರೆದ ಪತ್ರದಲ್ಲೂ ಅಕ್ಷರ ಕಲಿಯದ ಯಾರೂ ಒಳಗಿರಬಾರದೆಂಬ ತಾಕೀತು ಇದೆ.

ಇದನ್ನು ಇಂದಿನ ಶಾಲೆಯ ಕಣ್ಣಿನಿಂದ ನೋಡಬಾರದು. ಅಲ್ಲಿ ಓದುತ್ತಿದ್ದುದು ಕೀರ್ತನೆ, ಬೈಬಲ್, ಧರ್ಮಗುರುಗಳ ಬರಹ. ಊರಿನ ಮಕ್ಕಳಿಗೆ ಪಾಠ ಹೇಳಿ ಮನೆಗೆ ಕಳುಹಿಸುವ ವ್ಯವಸ್ಥೆಗೆ ನಿಯಮಾವಳಿ ಅವಕಾಶ ಕೊಡುತ್ತಿರಲಿಲ್ಲ. ಒಮ್ಮೆ ಒಳಗೆ ಕಾಲಿಟ್ಟವಳು ಸಾಯುವ ತನಕ ಹೊಸ್ತಿಲು ದಾಟುವಂತಿರಲಿಲ್ಲ. ಅಷ್ಟಾದರೂ ರಾಜರಿಗೇ ಸರಿಯಾಗಿ ಓದು ಬರುತ್ತದೆಂಬ ಭರವಸೆಯಿಲ್ಲದ ನಾಡಿನಲ್ಲಿ ಹೆಂಗಸರ ಮನೆಯೊಂದು ಓದನ್ನು ನಿಯಮ ಮಾಡಿಕೊಂಡಿತ್ತು.

ರಾಡೆಗುಂಡಾಳ ಓದಿನ ಹಸಿವಿನ ಬಗ್ಗೆ ಆ ಮಠದಲ್ಲೇ ಬೆಳೆದ ಬೌಡೋನಿವಿಯಾ ಎಂಬ ಸನ್ಯಾಸಿನಿ ಎರಡು ಸಂಗತಿಗಳನ್ನು ಬರೆದಿಟ್ಟಿದ್ದಾಳೆ. ರಾಡೆಗುಂಡಾ ರಾತ್ರಿ ಮಲಗಿದಾಗಲೂ ಪಕ್ಕದಲ್ಲಿ ಒಬ್ಬಳು ಓದುತ್ತಿರಬೇಕಿತ್ತು. ನಿದ್ದೆ ಹತ್ತಿರಬೇಕೆಂದು ಓದುವವಳು ನಿಲ್ಲಿಸಿದರೆ, ಏಕೆ ನಿಲ್ಲಿಸಿದೆ, ಮುಂದೆ ಓದು ಎನ್ನುವ ದನಿ ಕತ್ತಲೆಯಿಂದ ಬರುತ್ತಿತ್ತು. ಇನ್ನೊಂದು, ಓದು ಮುಗಿದ ಮೇಲೆ ಆಕೆ ಸುತ್ತಲಿದ್ದವರನ್ನು ಕೇಳುತ್ತಿದ್ದ ಪ್ರಶ್ನೆ: ಅರ್ಥವಾಗದಿದ್ದರೆ ಅರ್ಥವೇನೆಂದು ಕೇಳುವುದಿಲ್ಲವೇಕೆ? ಹೀಗೆ ಕೇಳಿ ಸುಮ್ಮನಾಗದೆ ತಾನೇ ಅರ್ಥ ಬಿಡಿಸಿ ಹೇಳುತ್ತಿದ್ದಳು. ಕಂಠಪಾಠವಾದರೆ ಸಾಕೆಂದು ಮಕ್ಕಳನ್ನು ಕೂರಿಸುವ ಮನೆಗಳಿಗೆ ಹದಿನಾಲ್ಕು ಶತಮಾನಗಳ ಹಿಂದಿನ ಈ ಪ್ರಶ್ನೆ ಇಂದಿಗೂ ಸಲ್ಲುತ್ತದೆ.

ಅಕ್ಷರ ಆಕೆಗೆ ಹೊರಜಗತ್ತಿನ ಬಾಗಿಲೂ ಆಯಿತು. ಗೋಡೆ ದಾಟಲಾಗದವಳ ಪತ್ರಗಳು ಎಲ್ಲೆಡೆ ಹೋದವು. ಫ್ರಾಂಕ್ ರಾಜರು ಕಾದಾಡಲು ನಿಂತಾಗಲೆಲ್ಲ ಶಾಂತಿಯಿಂದಿರಿ ಎಂದು ಆಕೆ ಒಬ್ಬೊಬ್ಬರಿಗೂ ಪತ್ರ ಬರೆಯುತ್ತಿದ್ದಳು. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಎರಡನೆಯ ಜಸ್ಟಿನ್ ಆಕೆಯ ಕೋರಿಕೆಯಂತೆ 569ರಲ್ಲಿ ಯೇಸುವಿನ ಶಿಲುಬೆಯದೆಂದು ನಂಬಲಾದ ಮರದ ತುಣುಕನ್ನು ಕಳುಹಿಸಿಕೊಟ್ಟ. ಅದನ್ನು ಬರಮಾಡಿಕೊಳ್ಳಲು ಪ್ವಾತಿಯೆಯ ಬಿಷಪ್ ಮಾರೋವೆಯಸ್ ಒಪ್ಪಲಿಲ್ಲ. ಬೇರೆ ಊರಿನ ಬಿಷಪ್ ಬಂದು ಆ ಕಾರ್ಯ ನೆರವೇರಿಸಬೇಕಾಯಿತು. ಅಂದಿನಿಂದ ಮಠಕ್ಕೆ ಪವಿತ್ರ ಶಿಲುಬೆಯ ಹೆಸರೇ ನಿಂತಿತು. ಆ ಸಂದರ್ಭಕ್ಕೆಂದು ಇಟಲಿಯಿಂದ ಬಂದು ನೆಲೆಸಿದ್ದ ಕವಿ ಫಾರ್ಚುನೇಟಸ್ ರಚಿಸಿದ ಲ್ಯಾಟಿನ್ ಸ್ತೋತ್ರಗಳು ಕ್ಯಾಥೊಲಿಕ್ ಚರ್ಚುಗಳ ಪವಿತ್ರ ವಾರದ ಆರಾಧನೆಯಲ್ಲಿ ಇಂದಿಗೂ ಉಳಿದಿವೆ.

ಫಾರ್ಚುನೇಟಸ್ ಆ ಮಠದ ಆಪ್ತ. ಹಣ್ಣು, ಹಾಲು, ಮೊಟ್ಟೆ ಕಳುಹಿಸಿದ್ದಕ್ಕೂ ಅವನು ಪದ್ಯದಲ್ಲೇ ಧನ್ಯವಾದ ಹೇಳುತ್ತಿದ್ದ. ರಾಡೆಗುಂಡಾ ತನಗೆ ಪುಟ್ಟ ಬರಹದ ಹಲಗೆಗಳ ಮೇಲೆ ಪದ್ಯ ಬರೆದು ಕಳುಹಿಸಿದ್ದಳೆಂದು ಅವನೇ ಹೇಳುತ್ತಾನೆ. ಥುರಿಂಗಿಯಾದ ನಾಶವನ್ನು ಕುರಿತು, ದೂರದ ಕಾನ್‌ಸ್ಟಾಂಟಿನೋಪಲಿನ ಕಡೆ ಹೋಗಿದ್ದ ಸೋದರಸಂಬಂಧಿ ಅಮಲ್‌ಫ್ರಿದನಿಗೆ ರಾಡೆಗುಂಡಾಳ ಬಾಯಿಂದಲೇ ಹೇಳಿಸಿದ ಒಂದು ದೀರ್ಘ ಶೋಕಗೀತೆಯಿದೆ. ಅದನ್ನು ಬರೆದವನು ಫಾರ್ಚುನೇಟಸ್ಸೇ, ಆಕೆಯೂ ಅದರಲ್ಲಿ ಕೈಯಾಡಿಸಿದ್ದಳೇ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ದುಃಖ ಮಾತ್ರ ಆಕೆಯದೆಂಬುದರಲ್ಲಿ ಅನುಮಾನವಿಲ್ಲ. ಅರಮನೆ ಉರಿದು ನಾಲ್ಕು ದಶಕ ಕಳೆಯುತ್ತ ಬಂದರೂ ಹನ್ನೊಂದರ ಹುಡುಗಿ ಒಳಗೆ ಇನ್ನೂ ಅಳುತ್ತಿದ್ದಳು.

ಒಂದು ಬದುಕು, ಎರಡು ಬರಹ

587ರ ಆಗಸ್ಟ್ 13ರಂದು ರಾಡೆಗುಂಡಾ ತೀರಿಕೊಂಡಳು. ಸ್ಥಳೀಯ ಬಿಷಪ್ ಊರಲ್ಲಿರಲಿಲ್ಲ. ತೂರ್‌ನಿಂದ ಗ್ರೆಗರಿ ಬಂದ. ಶವದ ಸುತ್ತ ಸುಮಾರು ಇನ್ನೂರು ಮಂದಿ ಹೆಂಗಸರು ನಿಂತು ಅಳುತ್ತಿದ್ದರೆಂದು ಅವನು ಬರೆಯುತ್ತಾನೆ. ಶವಯಾತ್ರೆ ಗೋಡೆಯ ಹೊರಗೆ ಸಾಗಿದಾಗ ನಿಯಮದಂತೆ ಅವರು ಹಿಂಬಾಲಿಸುವ ಹಾಗಿರಲಿಲ್ಲ. ಕಿಟಕಿಗಳಲ್ಲಿ, ಗೋಡೆಯ ಮೇಲೆ ನಿಂತು ನೋಡುತ್ತ ಗೋಳಿಟ್ಟರು.

ಆಕೆಯ ಬದುಕನ್ನು ಇಬ್ಬರು ಬರೆದರು. ಮೊದಲು ಬರೆದವನು ಫಾರ್ಚುನೇಟಸ್. ಅವನ ಬರಹದಲ್ಲಿ ಉಪವಾಸ, ಮೈದಂಡನೆ ಮುಂದೆ ನಿಲ್ಲುತ್ತವೆ. ಕಾಯಿಸಿದ ಲೋಹವನ್ನು ಮೈಗೆ ಒತ್ತಿಕೊಂಡಳೆಂಬ ವಿವರವನ್ನು ಓದುವಾಗ ಯಾವ ತಾಯಿತಂದೆಗಾದರೂ ಮೈ ನಡುಗುತ್ತದೆ. ಆಕೆ ಸತ್ತು ಸುಮಾರು ಎರಡು ದಶಕಗಳ ನಂತರ ಬರೆದವಳು ಬೌಡೋನಿವಿಯಾ. ತನಗೆ ಪಾಂಡಿತ್ಯವಿಲ್ಲ ಎಂದು ವಿನಯದಿಂದ ಹೇಳಿಕೊಳ್ಳುತ್ತಲೇ, ಫಾರ್ಚುನೇಟಸ್ ಬಿಟ್ಟದ್ದನ್ನು ತಾನು ಹೇಳುವುದಾಗಿ ಆಕೆ ಬರೆಯುತ್ತಾಳೆ. ಅವಳ ರಾಡೆಗುಂಡಾ ಓದುತ್ತಾಳೆ, ಅರ್ಥ ಹೇಳುತ್ತಾಳೆ, ರಾಜರಿಗೆ ಬುದ್ಧಿ ಹೇಳುತ್ತಾಳೆ. ಒಬ್ಬಳೇ ಹೆಂಗಸು, ಇಬ್ಬರ ಕಣ್ಣಿಗೆ ಎರಡು ರೀತಿ ಕಂಡಿದ್ದಾಳೆ. ಚರಿತ್ರೆ ಓದುವ ವಿದ್ಯಾರ್ಥಿ ಯಾರ ಬಗ್ಗೆ ಬರೆದಿದ್ದಾರೆ ಎಂದು ನೋಡುವಂತೆಯೇ ಯಾರು ಬರೆದಿದ್ದಾರೆ ಎಂದೂ ನೋಡಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರಾಡೆಗುಂಡಾ ಅಕ್ಷರವನ್ನು ಕಡ್ಡಾಯ ಮಾಡಿರದಿದ್ದರೆ ಎರಡನೆಯ ಬರಹ ಹುಟ್ಟುತ್ತಲೇ ಇರಲಿಲ್ಲ.

ಗೋಡೆಯೊಳಗಿನ ಬಿರುಕು

ಆಕೆ ಹೋದ ಎರಡೇ ವರ್ಷಕ್ಕೆ, 589ರಲ್ಲಿ, ಮಠದಲ್ಲಿ ದಂಗೆಯೆದ್ದಿತು. ಅದರ ಮುಂದಾಳುಗಳು ಕ್ಲೋಟಿಲ್ಡಾ ಮತ್ತು ಬಸೀನಾ. ಇಬ್ಬರೂ ಫ್ರಾಂಕ್ ರಾಜರ ಹೆಣ್ಣುಮಕ್ಕಳು. ತಮ್ಮನ್ನು ರಾಜಪುತ್ರಿಯರಂತೆ ಕಾಣದೆ ಕೀಳು ದಾಸಿಯರ ಮಕ್ಕಳಂತೆ ನಡೆಸಿಕೊಳ್ಳುತ್ತಿದ್ದಾರೆ ಎಂಬುದು ಅವರ ದೂರು. ನಲವತ್ತಕ್ಕೂ ಹೆಚ್ಚು ಸನ್ಯಾಸಿನಿಯರನ್ನು ಕಟ್ಟಿಕೊಂಡು, ಮಳೆಯಲ್ಲಿ ನೆನೆಯುತ್ತ, ನಡೆದೇ ತೂರ್ ನಗರಕ್ಕೆ ಹೋಗಿ ಗ್ರೆಗರಿಯ ಮುಂದೆ ನಿಂತರು. ಆಮೇಲೆ ಪ್ವಾತಿಯೆಗೆ ಮರಳಿ ಕಳ್ಳರು, ಕೊಲೆಗಡುಕರನ್ನು ಸೇರಿಸಿ ಮಠದ ಮೇಲೇ ಏರಿಹೋದರು. ಮಠಾಧ್ಯಕ್ಷೆ ಲ್ಯೂಬೋವೆರಾಳನ್ನು ಹೊರಗೆ ಎಳೆದೊಯ್ದರು; ರಕ್ತ ಹರಿಯಿತು. 590ರಲ್ಲಿ ಬಿಷಪ್ಪರ ನ್ಯಾಯಸಭೆ ಸೇರಿ ದಂಗೆಕೋರರನ್ನು ಬಹಿಷ್ಕರಿಸಬೇಕಾಯಿತು.

ಹುಟ್ಟಿನ ಹೆಚ್ಚುಗಾರಿಕೆಯನ್ನು ಬಾಗಿಲಾಚೆ ಬಿಟ್ಟು ಬರಬೇಕೆಂದು ರಾಡೆಗುಂಡಾ ಬದುಕಿ ತೋರಿಸಿದ್ದಳು. ಆಕೆಯ ಜೊತೆಯಲ್ಲೇ ಊಟ ಮಾಡಿದವರಿಗೂ ಅದು ಒಗ್ಗಿರಲಿಲ್ಲ. ಹಿರಿಯರ ಒಳ್ಳೆಯತನ ಆಸ್ತಿಯ ಹಾಗೆ ಮಕ್ಕಳ ಹೆಸರಿಗೆ ತಾನಾಗಿ ವರ್ಗವಾಗುವುದಿಲ್ಲ ಎಂಬ ಕಹಿಸತ್ಯ ಸಂತರ ಮನೆಗೂ ತಪ್ಪಿದ್ದಲ್ಲ.

ಅಗ್ಗಕ್ಕೆ ಮಾರಾಟವಾದ ಹುಡುಗಿ

ಸುಮಾರು ಅರ್ಧ ಶತಮಾನ ಉರುಳಿತು. ಈ ಬಾರಿ ಹುಡುಗಿ ಬಂದದ್ದು ಸಮುದ್ರದಾಚೆಯ ಇಂಗ್ಲೆಂಡಿನಿಂದ. ಆಂಗ್ಲೋ-ಸ್ಯಾಕ್ಸನ್ ಮೂಲದ ಬಾಲ್ತಿಲ್ಡಾಳನ್ನು ಅಗ್ಗದ ಬೆಲೆಗೆ ಮಾರಲಾಯಿತೆಂದು ಆಕೆಯ ಜೀವನಚರಿತ್ರೆಯೇ ಹೇಳುತ್ತದೆ. ಕೊಂಡವನು ಎರ್ಕಿನೋವಾಲ್ಡ್, ಫ್ರಾಂಕ್ ರಾಜ್ಯದ ಪಶ್ಚಿಮ ಭಾಗವಾದ ನ್ಯೂಸ್ಟ್ರಿಯಾದ ಅರಮನೆಯ ಮುಖ್ಯಾಧಿಕಾರಿ. ಅವನ ಮನೆಯಲ್ಲಿ ಆಕೆ ಪಾನಪಾತ್ರೆ ಹಿಡಿಯುವ ಕೆಲಸದವಳು. ತನಗಿಂತ ಹಿರಿಯ ಆಳುಗಳ ಪಾದರಕ್ಷೆ ಬಿಚ್ಚಿ, ಕಾಲು ತೊಳೆದು, ಒರೆಸಿ, ಅವರ ಬಟ್ಟೆ ತೆಗೆದಿಡುತ್ತಿದ್ದಳು. ಹೆಂಡತಿ ಸತ್ತ ಮೇಲೆ ಯಜಮಾನ ಅವಳನ್ನೇ ಮದುವೆಯಾಗಲು ಬಯಸಿದ. ಹುಡುಗಿ ಮೂಲೆಯೊಂದರಲ್ಲಿ ಚಿಂದಿ ಬಟ್ಟೆ ಹೊದ್ದು ಅಡಗಿ ಕುಳಿತಳು. ಅವನು ಹುಡುಕಿ ಸೋತು ಬೇರೆ ಹೆಣ್ಣನ್ನು ತಂದುಕೊಂಡ ಮೇಲೆಯೇ ಹೊರಗೆ ಬಂದಳು.

648ರ ಹೊತ್ತಿಗೆ ರಾಜ ಎರಡನೆಯ ಕ್ಲೋವಿಸ್ ಆಕೆಯನ್ನು ಮದುವೆಯಾದ. ಮೂವರು ಗಂಡುಮಕ್ಕಳು ಹುಟ್ಟಿದರು. ಮೂವರೂ ಒಬ್ಬರಾದ ಮೇಲೊಬ್ಬರು ರಾಜರಾದರು. 657ರಲ್ಲಿ ಗಂಡ ತೀರಿಕೊಂಡಾಗ ಹಿರಿಯ ಮಗ ಇನ್ನೂ ಹುಡುಗ. ದಾಸಿಯಾಗಿ ಬಂದವಳ ಕೈಗೆ ರಾಜ್ಯದ ಆಡಳಿತ ಬಂತು.

ಆಗ ಆಕೆ ಮಾಡಿದ ಎರಡು ಕೆಲಸಗಳು ಅವಳ ಬಾಲ್ಯವನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತವೆ. ಮೊದಲನೆಯದು, ಕ್ರೈಸ್ತ ಸೆರೆಯಾಳುಗಳನ್ನು ಹೊರನಾಡಿಗೆ ಮಾರುವುದನ್ನು ಆಕೆ ನಿಷೇಧಿಸಿದಳು. ಹಣ ಕೊಟ್ಟು ಎಷ್ಟೋ ಮಂದಿಯನ್ನು, ವಿಶೇಷವಾಗಿ ತನ್ನ ನಾಡಿನ ಸ್ಯಾಕ್ಸನ್ನರನ್ನು, ಬಿಡಿಸಿಕೊಂಡಳು. ಅವರಲ್ಲಿ ಕೆಲವರನ್ನು ಮಠಗಳಿಗೆ ಸೇರಿಸಿದಳು. ಎರಡನೆಯದು ಒಂದು ತೆರಿಗೆಗೆ ಸಂಬಂಧಿಸಿದ್ದು. ಅದರ ಭಾರ ಹೇಗಿತ್ತೆಂದರೆ ಮಕ್ಕಳನ್ನು ಸಾಕುವುದಕ್ಕಿಂತ ಸಾಯಲು ಬಿಡುವುದೇ ಮೇಲೆಂದು ಜನಕ್ಕೆ ಅನಿಸುತ್ತಿತ್ತು. ಬಾಲ್ತಿಲ್ಡಾ ಅದನ್ನು ನಿಲ್ಲಿಸಿದಳು. ತಂದೆತಾಯಿಗಳ ಮನಸ್ಸನ್ನು ಅಷ್ಟು ಕಲ್ಲು ಮಾಡಬಲ್ಲ ತೆರಿಗೆಯ ಉಲ್ಲೇಖ ಸಂತರ ಚರಿತ್ರೆಯೊಂದರಲ್ಲಿ ಉಳಿದುಬಂದಿದೆ ಎಂಬುದೇ ಆ ಕಾಲದ ಬಡವರ ಪಾಡನ್ನು ಹೇಳುತ್ತದೆ.

ಇದರಿಂದ ಗುಲಾಮಗಿರಿ ನಿರ್ಮೂಲವಾಯಿತೆಂದು ತಿಳಿಯಬಾರದು. ನಿಷೇಧ ಕ್ರೈಸ್ತರ ಮಾರಾಟಕ್ಕೆ ಮಾತ್ರ ಅನ್ವಯಿಸಿತು. ರಾಜ್ಯದೊಳಗೆ ದಾಸರು ಇದ್ದೇ ಇದ್ದರು. ಮಠಗಳ ಹೊಲಗಳಲ್ಲೂ ದುಡಿಯುತ್ತಿದ್ದರು. ಆದರೆ ಸ್ವತಃ ಬಿಕರಿಯಾದವಳೊಬ್ಬಳು ಸಿಂಹಾಸನದ ಪಕ್ಕ ನಿಂತು ಬಿಕರಿಗೆ ಒಂದು ಗಡಿ ಹಾಕಿದಳು. ಬಿಡುಗಡೆಯಾದವರಿಗೆ ಆ ಗಡಿ ಸಣ್ಣದಾಗಿರಲಿಲ್ಲ.

ಹೊಗಳಿಕೆಯ ಆಚೆ

ಬಾಲ್ತಿಲ್ಡಾಳಿಗೆ ಶತ್ರುಗಳೂ ಇದ್ದರು. ಎಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬರೆದ ಬಿಷಪ್ ವಿಲ್‌ಫ್ರಿಡ್‌ರ ಜೀವನಚರಿತ್ರೆ ಆಕೆಯನ್ನು ದುಷ್ಟ ರಾಣಿಯೆಂದು ಚಿತ್ರಿಸುತ್ತದೆ; ಒಂಬತ್ತು ಮಂದಿ ಬಿಷಪ್ಪರನ್ನು ಕೊಲ್ಲಿಸಿದಳೆಂದು ಆರೋಪಿಸುತ್ತದೆ. ಸಂಖ್ಯೆಯನ್ನು ಇಂದಿನ ಇತಿಹಾಸಕಾರರು ಹಾಗೆಯೇ ಒಪ್ಪುವುದಿಲ್ಲ. ಆದರೆ ಆಕೆಯ ಆಳ್ವಿಕೆಯಲ್ಲಿ ಲಿಯೋಂ ನಗರದ ಬಿಷಪ್ ಕೊಲೆಯಾದದ್ದು ನಿಜ. ಬಿಷಪ್ ಪದವಿ ಎಂದರೆ ಆಗ ನಗರಗಳ ಆಡಳಿತ, ಭೂಮಿ, ಹಣ. ಆಳುವ ರಾಣಿಯ ಕೈ ತೀರ ಚೊಕ್ಕಟವಾಗಿ ಉಳಿದಿತ್ತೆಂದು ಪ್ರಮಾಣ ಮಾಡಿ ಹೇಳಲು ಬರುವುದಿಲ್ಲ. ಹೊಗಳುವ ಚರಿತ್ರೆ, ತೆಗಳುವ ಚರಿತ್ರೆ ಎರಡನ್ನೂ ಎದುರಿಗಿಟ್ಟು ಓದಿದರೆ ಮಾತ್ರ ಮನುಷ್ಯರು ಕಾಣಿಸುತ್ತಾರೆ.

665ರ ಸುಮಾರಿಗೆ ಆಕೆ ಅಧಿಕಾರ ಬಿಟ್ಟು ತಾನೇ ಕಟ್ಟಿ ಬೆಳೆಸಿದ ಷೆಲ್ ಮಠಕ್ಕೆ ಹೋದಳು. ತಾನಾಗಿ ಹೋದಳೋ, ಸರದಾರರು ದಾರಿ ತೋರಿಸಿದರೋ ಎಂಬ ಅನುಮಾನವನ್ನು ಆಕೆಯ ಚರಿತ್ರೆಯ ಸಾಲುಗಳೇ ಹುಟ್ಟಿಸುತ್ತವೆ. ಅಲ್ಲಿ ಬರ್ಟಿಲಾ ಎಂಬ ಮಠಾಧ್ಯಕ್ಷೆಯ ಅಧೀನದಲ್ಲಿ ಅಡುಗೆಮನೆಯ ಕೆಲಸ ಮಾಡಿದಳು, ಕಕ್ಕಸು ತೊಳೆದಳು. 680ರ ಸುಮಾರಿಗೆ ಕೊನೆಯುಸಿರೆಳೆದಳು. ಮೊದಲು ಅಕ್ಕಸಾಲಿಗನಾಗಿದ್ದು ಮುಂದೆ ಬಿಷಪ್ ಆದ ಸಂತ ಎಲಿಜಿಯಸ್ ಸತ್ತ ಮೇಲೆ ಆಸ್ಥಾನದವನೊಬ್ಬನಿಗೆ ಕಾಣಿಸಿಕೊಂಡು, ಒಡವೆ ಕಳಚಿಡಲು ರಾಣಿಗೆ ಹೇಳು ಎಂದನೆಂಬ ಕತೆಯಿದೆ. ಷೆಲ್‌ನ ಆ ಕಸೂತಿ ಬಟ್ಟೆಯನ್ನು ನೋಡುವವರಿಗೆ ಈ ಕತೆ ನೆನಪಾಗದಿರದು.

1998ರಲ್ಲಿ ಪೂರ್ವ ಇಂಗ್ಲೆಂಡಿನ ನಾರ್ವಿಚ್ ಬಳಿಯ ಹೊಲವೊಂದರಲ್ಲಿ ಬಂಗಾರದ ಚಿಕ್ಕ ಮುದ್ರೆಯೊಂದು ಸಿಕ್ಕಿತು. ಒಂದು ಬದಿಯಲ್ಲಿ ಮುಖ, ಸುತ್ತ ಬಾಲ್ದೆಹಿಲ್ಡಿಸ್ ಎಂಬ ಹೆಸರು. ಇನ್ನೊಂದು ಬದಿಯಲ್ಲಿ ಶಿಲುಬೆಯ ಕೆಳಗೆ ಗಂಡುಹೆಣ್ಣಿನ ಜೋಡಿ. ಇದು ಈ ರಾಣಿಯದೇ ಇರಬಹುದೆಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ಹೌದಾಗಿದ್ದರೆ, ಬೆಲೆ ಕಟ್ಟಿ ಮಾರಿದ ಹುಡುಗಿಯ ಹೆಸರು ಬಂಗಾರದಲ್ಲಿ ಮೂಡಿ ಹುಟ್ಟಿದ ನಾಡಿನ ಮಣ್ಣಿಗೆ ಮರಳಿತ್ತು.

ಸಮುದ್ರ ದಾಟಿದ ಪುಸ್ತಕಗಳು

ಮುದ್ರೆಗಿಂತ ದೊಡ್ಡದಾದ ಮರುಪಯಣ ಇನ್ನೊಂದಿದೆ. ಇಂಗ್ಲೆಂಡಿನಲ್ಲಿ ಮಠಗಳು ಇನ್ನೂ ಕಡಿಮೆಯಿದ್ದ ಕಾಲದಲ್ಲಿ ಅಲ್ಲಿನ ಅನೇಕ ಹೆಣ್ಣುಮಕ್ಕಳನ್ನು ಷೆಲ್ ಮೊದಲಾದ ಫ್ರಾಂಕ್ ಮಠಗಳಿಗೆ ಕಲಿಯಲು ಕಳುಹಿಸುತ್ತಿದ್ದರ ಬಗ್ಗೆ ಇಂಗ್ಲಿಷ್ ಇತಿಹಾಸಕಾರ ಬೀಡ್ ಬರೆದಿದ್ದಾನೆ. ಆಮೇಲೆ ಸ್ಯಾಕ್ಸನ್ ರಾಜರು ತಮ್ಮಲ್ಲೇ ಮಠ ಕಟ್ಟಲು ಕಲಿತವರನ್ನು ಕಳುಹಿಸಿಕೊಡಿ ಎಂದು ಬರ್ಟಿಲಾಳನ್ನು ಕೇಳಿದರು. ಆಕೆ ಶಿಷ್ಯೆಯರನ್ನೂ ಅವರ ಜೊತೆಗೆ ಪುಸ್ತಕಗಳನ್ನೂ ಕಳುಹಿಸಿದಳು. ಒಬ್ಬ ಹುಡುಗಿಯನ್ನು ಸರಕಿನ ಹಾಗೆ ಈಚೆಗೆ ತಂದ ಅದೇ ಸಮುದ್ರದ ಮೇಲೆ ಆಕೆಯ ಮಠದ ಪುಸ್ತಕಗಳು ಆಚೆಗೆ ಹೋದವು.

ಬಾಲ್ತಿಲ್ಡಾ ಸ್ಥಾಪಿಸಿದ ಇನ್ನೊಂದು ಮಠ ಉತ್ತರ ಫ್ರಾನ್ಸಿನ ಕೊರ್ಬಿ. ಅದು ಗಂಡಸರ ಮಠ. ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ಮಠಾಧ್ಯಕ್ಷ ಮೌರ್ದ್ರಾಮ್ನಸ್ ಬೈಬಲ್ಲಿನ ಪ್ರತಿಗಳನ್ನು ಮಾಡಿಸಿದ. ಅವುಗಳಲ್ಲಿನ ಅಕ್ಷರ ದುಂಡಗೆ, ಬಿಡಿಬಿಡಿಯಾಗಿ, ಸಲೀಸಾಗಿ ಓದುವಂತಿತ್ತು. ಕಾಲ ನಿರ್ಧರಿಸಬಹುದಾದ ಮಟ್ಟಿಗೆ ಕ್ಯಾರೊಲಿಂಜಿಯನ್ ಎಂದು ಕರೆಯುವ ಸಣ್ಣಕ್ಷರದ ಅತಿ ಹಳೆಯ ಉದಾಹರಣೆಗಳಲ್ಲಿ ಇವು ಸೇರುತ್ತವೆ. ಮುಂದೆ ಈ ಬರವಣಿಗೆ ಯೂರೋಪಿನ ಉದ್ದಗಲಕ್ಕೂ ಹಬ್ಬಿತು. ಹದಿನೈದನೆಯ ಶತಮಾನದಲ್ಲಿ ಇಟಲಿಯ ವಿದ್ವಾಂಸರು ಅದನ್ನೇ ಮತ್ತೆ ಎತ್ತಿಕೊಂಡರು. ಮುದ್ರಣಕಾರರು ಅದರಂತೆ ಮೊಳೆ ಎರಕ ಹೊಯ್ದರು. ಕನ್ನಡ ನಾಡಿನ ಶಾಲೆಯ ಮಗು ಇಂಗ್ಲಿಷ್ ಕಾಪಿ ಪುಸ್ತಕದ ನಾಲ್ಕು ಗೆರೆಗಳ ನಡುವೆ ತಿದ್ದುವ ಸಣ್ಣಕ್ಷರಗಳ ವಂಶಾವಳಿ ಹಿಡಿದು ಹೋದರೆ ಕೊರ್ಬಿಯಂಥ ಮಠಗಳ ಬಾಗಿಲಿಗೇ ತಲುಪುತ್ತದೆ.

ಷೆಲ್ ಮಠದ ಹೆಂಗಸರೂ ಬರೆಯುವುದನ್ನು ಬಿಡಲಿಲ್ಲ. ಮಹಾರಾಜ ಶಾರ್ಲಮೇನನ ತಂಗಿ ಗಿಸೆಲಾ ಅಲ್ಲಿ ಮಠಾಧ್ಯಕ್ಷೆಯಾಗಿದ್ದ ಕಾಲದ ಬಗ್ಗೆ ವಿದ್ವಾಂಸ ಬರ್ನ್‌ಹಾರ್ಡ್ ಬಿಷಫ್ 1957ರಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟ. ಕೊಲೋನಿನ ಆರ್ಚ್‌ಬಿಷಪ್ ಹಿಲ್ಡೆಬಾಲ್ಡ್‌ರಿಗಾಗಿ ಸಿದ್ಧವಾದ, ಕೀರ್ತನೆಗಳ ವ್ಯಾಖ್ಯಾನದ ದಪ್ಪ ಹಸ್ತಪ್ರತಿಗಳು ಸಿದ್ಧವಾದದ್ದು ಷೆಲ್‌ನಲ್ಲಿ ಎಂಬುದು ಅವನ ನಿರ್ಣಯ. ತಾವು ಬರೆದ ಭಾಗದ ಕೊನೆಯಲ್ಲಿ ಸನ್ಯಾಸಿನಿಯರು ತಮ್ಮ ತಮ್ಮ ಹೆಸರು ಬರೆದಿದ್ದಾರೆ. ಗಿರ್ಬಾಲ್ಡಾ, ಯೂಸೇಬಿಯಾ, ಆಗ್ನೆಸ್. ಇವರಿಗೆ ಸಮಾಧಿಯ ಮೇಲೆ ದೀಪವಿಲ್ಲ, ಹಬ್ಬದ ದಿನವಿಲ್ಲ, ಪವಾಡದ ಕತೆಯೂ ಇಲ್ಲ. ಹೆಸರು ಉಳಿದದ್ದು ಇಷ್ಟರಿಂದಲೇ: ಹಿಂದೆ ಯಾರೋ ಇಬ್ಬರು ಹೆಣ್ಣುಮಕ್ಕಳು ಕಟ್ಟಿದ ಮನೆಗಳ ಪರಂಪರೆಯಲ್ಲಿ ಇವರು ಅಕ್ಷರ ಕಲಿತರು, ಕೊಟ್ಟ ಕೆಲಸವನ್ನು ಕೊನೆಯ ಪುಟದವರೆಗೆ ಮುಗಿಸಿದರು, ಮುಗಿಸಿದ ಮೇಲೆ ಕೆಳಗೆ ತಮ್ಮ ಹೆಸರನ್ನು ತಾವೇ ಬರೆದರು.